ಬಾಗಿಲ ಮೇಲಿನ ಹಾಳೆ

ಮೇಲ್ವಿಚಾರಕಿ ಹಾಳೆಯನ್ನು ಪ್ಲಾಸ್ಟಿಕ್ ಹೊದಿಕೆಯಿಂದ ಹೊರಗೆಳೆದು, ಓದಲು ಅನುಕೂಲವಾಗುವಂತೆ ಎದುರು ಕುಳಿತಿದ್ದ ಆಕೆಯ ಕಡೆಗೆ ತಿರುಗಿಸಿ ಮೇಜಿನ ಮೇಲಿಟ್ಟಳು.

"ಇದು ನಿಮ್ಮ ಕೈಬರಹಾನೇ ಅಲ್ವಾ?"

"ಹೌದು."

ಮೂವತ್ತೊಂದು ವರ್ಷ ಶಾಲೆಯ ಕಚೇರಿಯಲ್ಲಿ ದಾಖಲಾತಿ ಪುಸ್ತಕ ಬರೆದ ಕೈ. ಅಕ್ಷರ ಒಂದೂ ಸಾಲಿನಿಂದ ಕೆಳಗೆ ಜಾರಿರಲಿಲ್ಲ. ಅಲ್ಲವೆನ್ನಲು ಸಾಧ್ಯವೇ ಇರಲಿಲ್ಲ.

ಮರೆವಿನ ಕಾಯಿಲೆಯ ಒಂಬತ್ತು ಜನ ಒಟ್ಟಿಗಿದ್ದ ಮನೆ ಅದು. ಆಸ್ಪತ್ರೆಯಂತೆ ಇರಬಾರದೆಂದು ಗೋಡೆಗಳಿಗೆ ಬಿಳಿ ಬಣ್ಣ ಬಳಿಸಿರಲಿಲ್ಲ, ಆರೈಕೆಯವರಿಗೆ ಸಮವಸ್ತ್ರವಿರಲಿಲ್ಲ. ಅಲ್ಲಿದ್ದವರೇ ಕೈಲಾದಷ್ಟು ತರಕಾರಿ ಹೆಚ್ಚುತ್ತಿದ್ದರು, ಬಟ್ಟೆ ಮಡಿಸುತ್ತಿದ್ದರು. ಪ್ರತಿ ಕೋಣೆಯ ಬಾಗಿಲಿನ ಮೇಲೂ ಒಂದು ಪರಿಚಯದ ಹಾಳೆ. ತಮ್ಮ ಬಗ್ಗೆ ತಾವೇ ಹೇಳಿಕೊಳ್ಳಲಾರದವರ ಪರವಾಗಿ ಮನೆಯವರು, ಅವರೇ ಮಾತಾಡುತ್ತಿರುವ ಹಾಗೆ ಬರೆದುಕೊಡಬೇಕು. ಆರೈಕೆಯವರು ಅದನ್ನು ಓದಿಯೇ ಒಳಗೆ ಕಾಲಿಡಬೇಕು.

"ನಾನು ಮೆತ್ತಗೆ ಮಾತಾಡುವವನು" ಎಂದು ಆಕೆಯ ಗಂಡನ ಹಾಳೆ ಶುರುವಾಗುತ್ತಿತ್ತು. "ಹುರುಳಿಕಾಯಿಯ ನಾರು ತೆಗೆಯುವುದು ನನಗೆ ಇಷ್ಟ. ಚಹಾ ಸ್ವಲ್ಪ ಆರಿರಬೇಕು. ಯಾರಾದರೂ ದಢಾರನೆ ಬಾಗಿಲು ಹಾಕಿದರೆ ಬೆಚ್ಚುತ್ತೇನೆ. ಸಿಟ್ಟು ಬಂದರೆ ಏನೂ ಅನ್ನದೆ ಹೊರಗೆ ಹೋಗಿ ಒಂದು ಸುತ್ತು ನಡೆದು ಬರುತ್ತೇನೆ." ಹಾಳೆಯ ಹಿಂಬದಿಯಲ್ಲಿ ಅಚ್ಚಾದ ಪ್ರಶ್ನೆ ಒಂದೇ ಇತ್ತು: ಇವರು ಯಾರ ಮೇಲಾದರೂ ಕೈ ಮಾಡಿದ್ದುಂಟೇ? ಅದರ ಎದುರಿಗೆ ಆಕೆ "ಇಲ್ಲ" ಎಂದು ಬರೆದು, ಕೆಳಗೆ ಸಣ್ಣದೊಂದು ಗೆರೆಯನ್ನೂ ಎಳೆದಿದ್ದಳು.

"ಮಂಗಳವಾರ ಬೆಳಗ್ಗೆ ಸ್ನಾನಕ್ಕೆ ಮುಂಚೆ ಕೈಗಡಿಯಾರ ಬಿಚ್ಚೋವಾಗ ಇವರು ನಮ್ಮ ಆರೈಕೆಯ ದೊಡ್ಡಕ್ಕನ ಮಣಿಕಟ್ಟು ತಿರುಚಿದ್ರಂತೆ," ಎಂದಳು ಮೇಲ್ವಿಚಾರಕಿ. "ಮೂಳೆ ಬಿರುಕು ಬಿಟ್ಟಿದೆ. ಅಂತ ಅವಳು ಹೇಳ್ತಾಳೆ. ಅಂದ್ರೆ, ಬಿರುಕು ನಿಜ, ಎಕ್ಸ್‌ರೇ ನೋಡಿದೀನಿ. ಆದ್ರೆ ಐದು ತಿಂಗಳಿಂದ ಒಂದು ಏರುದನಿ ಇಲ್ಲದ ಮನುಷ್ಯ. ಶಾಂತವಾಗಿರೋರು ಇದ್ದಕ್ಕಿದ್ದ ಹಾಗೆ ಕೈ ಎತ್ತಿದ್ರೆ, ನಾವು ಮೊದಲು ಕೇಳ್ಕೋಬೇಕಾದ್ದು ನಾವೇನು ಮಾಡಿದ್ವಿ ಅಂತ. ಅವಸರ ಮಾಡಿರ್ತಾಳೆ. ಗದರಿರ್ತಾಳೆ. ಒಂದು ಕೈಯಲ್ಲಿ ಚಪ್ಪಾಳೆ ಆಗಲ್ಲ ನೋಡಿ."

ಆಕೆ ಹಾಳೆಯಿಂದ ಕಣ್ಣೆತ್ತಲಿಲ್ಲ. ಮದುವೆಯಾದ ಎರಡನೆಯ ವರ್ಷ, ಊದಿದ ಕೆನ್ನೆ ಹೊತ್ತು ತವರಿಗೆ ಹೋದಾಗ ಆಕೆಯ ತಾಯಿ ಹೇಳಿದ್ದೂ ಇದೇ ಮಾತು. ಈ ಮೇಲ್ವಿಚಾರಕಿಯಂತೆಯೇ, ತೀರಾ ಕರುಣೆಯಿಂದ.

"ನಾನೇನು ಮಾಡ್ಬೇಕು, ಮೇಡಂ?"

"ಒಂದು ಸಾಲು ಬರೆದುಕೊಡಿ. ಮನೇಲಿ ಯಾವತ್ತೂ ಹೀಗಾಗಿರಲಿಲ್ಲ ಅಂತ. ಅವಳನ್ನ ಶನಿವಾರದಿಂದ ಬಿಡಿಸ್ತೀವಿ. ಮನಸ್ಸಿಗೆ ಕಷ್ಟಾನೇ. ಹತ್ತು ವರ್ಷದ ಹಳಬಳು."

"ಹಾಗಲ್ಲದೆ, ಇವರದ್ದೇ ತಪ್ಪು ಅಂತಾದ್ರೆ?"

"ಹೊಡೆಯೋ ಸ್ವಭಾವದೋರನ್ನ ನಾವು ಇಟ್ಕೊಳ್ಳೋದಿಲ್ಲ, ನಿಮಗೆ ಗೊತ್ತಲ್ಲ. ಹಗಲಿಗೆ ಆರೈಕೆಯೋರು ಇಬ್ಬರೇ ಇರೋದು. ಮನೆಗೆ ವಾಪಸ್." ಮೇಲ್ವಿಚಾರಕಿ ನಕ್ಕಳು. "ಗಾಬರಿ ಆಗ್ಬೇಡಿ, ಅಮ್ಮ. ನಿಮ್ಮ ಯಜಮಾನ್ರ ಸ್ಥಾನ ಭದ್ರವಾಗಿದೆ."

"ಒಂದ್ಸಲ ಅವರನ್ನ ನೋಡ್ಕೊಂಡು ಬರ್ತೀನಿ," ಎಂದು ಆಕೆ ಎದ್ದಳು.

ಐದು ತಿಂಗಳಲ್ಲಿ ಆಕೆ ಕಲಿತದ್ದು ಹೆಚ್ಚೇನೂ ಅಲ್ಲ. ಕೈಯಿಂದ ಚಮಚ ಜಾರಿ ಬಿದ್ದರೆ ಪಕ್ಕದ ಕೋಣೆಯತ್ತ ಕಿವಿಗೊಡದೆ ಬಗ್ಗಿ ಎತ್ತಿಕೊಳ್ಳುವುದು. ಮಧ್ಯಾಹ್ನ ಕಾಲು ಚಾಚಿ ಮಲಗುವುದು. ಫೋನಿನಲ್ಲಿ ಮಗಳ ಜತೆ ಮಾತಾಡುವಾಗ ನಗುವುದು. ಹಾಳೆ ತುಂಬಿಸಿದ ದಿನ "ಬರಿಯಮ್ಮ, ಏನಾದ್ರೂ ಬರಿ, ನಿನಗೆ ಒಂದು ಉಸಿರು ಸಿಗಲಿ" ಎಂದವಳು ಆ ಮಗಳೇ. ಆದರೆ ಎದುರಿಗೆ ಖಾಲಿ ಸಾಲುಗಳು ಬಂದಾಗ ಆಕೆಗೆ ಏನು ಬರೆಯುವುದೆಂದೇ ತಿಳಿದಿರಲಿಲ್ಲ. ಒಳ್ಳೆಯ ಗಂಡ ಹೇಗಿರುತ್ತಾನೆಂದು ಆಕೆಗೆ ಕೇಳಿ ಗೊತ್ತು, ಕಂಡು ಗೊತ್ತಿಲ್ಲ. ಕೊನೆಗೆ ಲೇಖನಿ ತನಗೆ ಗೊತ್ತಿದ್ದ ಒಬ್ಬ ಸಾಧು ವ್ಯಕ್ತಿಯ ಬಗ್ಗೆ ತಾನಾಗಿಯೇ ಬರೆದುಕೊಂಡು ಹೋಗಿತ್ತು.

ಊಟದ ಕೋಣೆಯ ಹೊಸ್ತಿಲಲ್ಲಿ ನಿವೃತ್ತ ಬಸ್ ಕಂಡಕ್ಟರ್ ಕೈ ಅಡ್ಡ ಹಿಡಿದ.

"ಬಾಗಿಲ ಹತ್ರ ನಿಲ್ಬೇಡಿ! ಮುಂದೆ ಹೋಗ್ತಾ ಇರಿ, ಒಳಗೆ ಬೇಕಾದಷ್ಟು ಜಾಗ ಇದೆ. ಎಲ್ಲಿಗಮ್ಮಾ?"

"ಇಲ್ಲೇ."

"ಇಲ್ಲೇ ಅನ್ನೋ ಸ್ಟಾಪೇ ಇಲ್ಲ. ಸರಿಯಾಗಿ ಹೇಳಿ."

"ಕೊನೇ ಸ್ಟಾಪು," ಎಂದಳು ಆಕೆ. ಅವನು ತೃಪ್ತನಾಗಿ ದಾರಿ ಬಿಟ್ಟ.

ಗಂಡ ಕಿಟಕಿಯ ಬಳಿಯ ಮೇಜಿನಲ್ಲಿ ಹುರುಳಿಕಾಯಿಯ ನಾರು ತೆಗೆಯುತ್ತಿದ್ದ. ಕೈಗಡಿಯಾರ ರಿಪೇರಿಯ ಅಂಗಡಿ ಇಟ್ಟಿದ್ದವನ ಬೆರಳುಗಳು. ತುದಿ ಮುರಿದು, ನಾರನ್ನು ಒಂದೇ ಎಳೆಯಾಗಿ ಕೊನೆಯವರೆಗೆ ಎಳೆದು, ಕಾಯಿಗಳನ್ನು ಉದ್ದ ನೋಡಿ ಒಂದರ ಪಕ್ಕ ಒಂದು ಜೋಡಿಸುತ್ತಿದ್ದ. ಅಂಗಡಿಗೆ ಬಂದವರೆಲ್ಲ ಅವನ ತಾಳ್ಮೆಯನ್ನು ಹೊಗಳುತ್ತಿದ್ದರು. ನಲವತ್ತು ವರ್ಷದಲ್ಲಿ ಆತ ಅಡುಗೆಮನೆಗೆ ಬಂದದ್ದು ತಟ್ಟೆ ಎಸೆಯಲು ಮಾತ್ರ.

"ಬನ್ನಿ, ಕೂತ್ಕೊಳ್ಳಿ," ಎಂದ ಅವನು, ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಟ್ಟು. "ನಿಂತು ನಿಂತು ಕಾಲು ನೋಯುತ್ತೆ."

ಆಕೆ ಕುರ್ಚಿಯ ತುದಿಯಲ್ಲಿ ಕುಳಿತಳು. ಅವನು ಒಂದು ಹಿಡಿ ಕಾಯಿಯನ್ನು ಆಕೆಯ ಮುಂದೆ ಸರಿಸಿದ. ಇಬ್ಬರೂ ನಾರು ತೆಗೆಯತೊಡಗಿದರು. ಹೊರಗಿನಿಂದ ನೋಡಿದವರಿಗೆ ಚೆಂದ ಕಂಡಿರಬೇಕು.

"ನಿಮ್ಮ ಮನೆಯವರು ಇದನ್ನೆಲ್ಲ ಮಾಡ್ತಿದ್ರಾ?" ಎಂದು ಆಕೆ ಕೇಳಿದಳು. ಯಾಕೆ ಕೇಳಿದೆನೆಂದು ಆಕೆಗೇ ತಿಳಿಯಲಿಲ್ಲ.

"ಅವಳಾ?" ಅವನು ಯೋಚಿಸಿದ. "ಮಾತೇ ಆಡ್ತಿರ್ಲಿಲ್ಲ ಮಾರಾಯ್ರೆ. ಮುಖ ಸದಾ ಗಂಟು. ನಾನು ಬಾಯಿ ತೆರೆದ್ರೆ ಸಾಕು, ಎದ್ದು ಬೀದಿಗೆ ಹೋಗಿಬಿಡೋಳು. ಏನು ಸಿಟ್ಟೋ ಏನೋ, ದೇವರೇ ಬಲ್ಲ." ಅವನು ನಿಟ್ಟುಸಿರಿಟ್ಟ. "ಏಗಿದೆ. ಏನ್ಮಾಡೋದು, ಕಟ್ಕೊಂಡ ಮೇಲೆ."

ಆಕೆಯ ಕೈಯಲ್ಲಿದ್ದ ಕಾಯಿ ನಡುವೆ ಮುರಿಯಿತು.

"ಪರವಾಗಿಲ್ಲ, ಪರವಾಗಿಲ್ಲ," ಎಂದು ಅವನು ಎರಡೂ ತುಂಡುಗಳನ್ನು ಎತ್ತಿಕೊಂಡ. "ಕಲೀತೀರಿ."

ದೊಡ್ಡಕ್ಕ ಬಟ್ಟೆಯ ಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡು ಒಳಗೆ ಬಂದಳು. ಅವಳಿಗಿನ್ನೂ ನಲವತ್ನಾಲ್ಕು. ಎಂಬತ್ತು ದಾಟಿದವರೂ ದೊಡ್ಡಕ್ಕ ಎನ್ನುತ್ತಿದ್ದರು, ಅವಳೂ ಓಗೊಡುತ್ತಿದ್ದಳು. ಬಲಗೈ ಮೊಣಕೈವರೆಗೆ ಬಿಳಿ ಪಟ್ಟಿಯಲ್ಲಿತ್ತು. ಇಲ್ಲಿದ್ದವರ ಮೈ ಮುಟ್ಟಬಾರದು ಎಂದು ಅವಳಿಗೆ ಅಪ್ಪಣೆಯಾಗಿತ್ತಾದ್ದರಿಂದ ಮೇಜಿನ ಆಚೆ ತುದಿಯಲ್ಲಿ ನಿಂತು, ಒಂದೇ ಕೈಯಲ್ಲಿ ಟವೆಲ್ ಮಡಿಸತೊಡಗಿದಳು. ಟವೆಲಿನ ಒಂದು ಅಂಚನ್ನು ಗದ್ದದ ಕೆಳಗೆ ಅವಚಿಕೊಳ್ಳಬೇಕಾಗುತ್ತಿತ್ತು.

"ಕೈಗೇನಾಯ್ತು?" ಎಂದಳು ಆಕೆ.

"ಏನಿಲ್ಲ ಬಿಡಿ, ಅಮ್ಮ. ಬಾಗಿಲಿಗೆ ತಾಗ್ತು."

ಮನೆಯವರ ಮುಂದೆ ನೋವಿನ ಮಾತು ಆಡಬಾರದೆಂಬುದು ಅಲ್ಲಿನ ಕಟ್ಟಳೆ. ಆದರೆ ಆಕೆಗೆ ಆ ಬಾಗಿಲು ಗೊತ್ತಿತ್ತು. ಶಾಲೆಯ ಕಚೇರಿಯಲ್ಲಿ ಆಕೆಯೂ ಅದೇ ಬಾಗಿಲಿನ ಹೆಸರು ಹೇಳುತ್ತಿದ್ದಳು. ಬಾಗಿಲು, ಮೆಟ್ಟಿಲು, ಸ್ನಾನದ ಮನೆಯ ನಲ್ಲಿ. ಮೂವತ್ತೊಂದು ವರ್ಷದಲ್ಲಿ ನಾಲ್ಕನೆಯದು ಹೊಳೆದಿರಲಿಲ್ಲ. ಬೇಕಾಗಿಯೂ ಇರಲಿಲ್ಲ, ಯಾರೂ ಎರಡನೆಯ ಸಲ ಕೇಳುತ್ತಿರಲಿಲ್ಲ.

"ತಪ್ಪು ನನ್ನದೇ ಇರ್ಬೇಕು," ಎಂದಳು ದೊಡ್ಡಕ್ಕ, ಗದ್ದದಡಿಯ ಟವೆಲು ಬೀಳದಂತೆ ಮೆಲ್ಲಗೆ. "ಗಡಿಯಾರದ ತಾತ ಅಂಥೋರಲ್ಲ. ಅವರ ಹಾಳೆ ಓದಿದ ದಿನ ಮನೆಗೆ ಹೋಗಿ ನಮ್ಮ ಯಜಮಾನ್ರಿಗೆ ಹೇಳಿದ್ದೆ, ನೋಡ್ರೀ, ಗಂಡಸು ಅಂದ್ರೆ ಹೀಗಿರ್ಬೇಕು, ಸಿಟ್ಟು ಬಂದ್ರೆ ಒಂದು ಸುತ್ತು ಹಾಕ್ಕೊಂಡು ಬರ್ತಾರಂತೆ ಅಂತ. ಅದಕ್ಕವರು, ಸುತ್ತು ಹಾಕೋಕೆ ಹೋದೋನು ವಾಪಸ್ ಬಂದಾನು ಅಂತ ಏನು ಗ್ಯಾರಂಟಿ ಅಂದ್ರು." ಅವಳು ನಗಲು ಹೋದಳು, ಟವೆಲು ಜಾರಿ ನೆಲಕ್ಕೆ ಬಿತ್ತು.

ಗಂಡ ಎದ್ದು, ಬಗ್ಗಿ, ಟವೆಲನ್ನು ಎತ್ತಿಕೊಟ್ಟ. "ಕೈಗೆ ಏನು ಮಾಡ್ಕೊಂಡ್ರಿ, ಪಾಪ," ಎಂದ.

ದೊಡ್ಡಕ್ಕ ಒಂದು ಹೆಜ್ಜೆ ಹಿಂದೆ ಸರಿದಿದ್ದಳು. ಅಷ್ಟೇ, ಒಂದೇ ಹೆಜ್ಜೆ. ಮುಖದಲ್ಲಿ ನಗು ಹಾಗೇ ಇತ್ತು, ಕಾಲು ಮಾತ್ರ ಸರಿದಿತ್ತು.

ಆಕೆ ಕಚೇರಿಗೆ ಹಿಂತಿರುಗಿದಾಗ ಮೇಲ್ವಿಚಾರಕಿ ಫೋನಿನಲ್ಲಿದ್ದಳು. ಕೂರುವಂತೆ ಸನ್ನೆ ಮಾಡಿ, ಖಾಲಿ ಕಾಗದ ಮತ್ತು ಪೆನ್ನನ್ನು ಮುಂದಕ್ಕೆ ತಳ್ಳಿದಳು. ಆಕೆ ಕಾಗದವನ್ನು ಬದಿಗಿಟ್ಟು ಹಳೆಯ ಹಾಳೆಯನ್ನೇ ಹಿಂಬದಿಗೆ ತಿರುಗಿಸಿದಳು. "ಇಲ್ಲ" ಎಂಬುದರ ಮೇಲೆ ಒಂದು ಗೆರೆ ಎಳೆದಳು. ಪಕ್ಕದಲ್ಲಿ "ಹೌದು" ಎಂದು ಬರೆದಳು. ಅಕ್ಷರ ನೆಟ್ಟಗೆ ಬಂತು. ದಾಖಲಾತಿ ಪುಸ್ತಕದಲ್ಲಿ ತಿದ್ದಿದಾಗ ಮಾಡುವಂತೆ ಕೆಳಗೆ ಸಹಿಯನ್ನೂ ಹಾಕಿದಳು.

ಮೇಲ್ವಿಚಾರಕಿ ಫೋನ್ ಕೆಳಗಿಟ್ಟಳು.

"ಏನಿದು?"

"ಮುಂದಿನ ಕಡೆ ಬರೆದಿರೋದೆಲ್ಲ ನನ್ನ ಬಗ್ಗೆ," ಎಂದಳು ಆಕೆ. "ಹುರುಳಿಕಾಯಿ, ಆರಿದ ಚಹಾ, ಬಾಗಿಲ ಸದ್ದು, ಎಲ್ಲ. ಅವರ ಬಗ್ಗೆ ಇರೋದು ಈ ಹಿಂದಿನದ್ದು ಒಂದೇ. ಅದನ್ನ ಈಗ ಸರಿ ಮಾಡಿದೀನಿ."

"ಅಂದ್ರೆ... ಎಷ್ಟು ವರ್ಷದಿಂದ?"

"ಮೊದಲಿಂದ. ನನ್ನ ಮಣಿಕಟ್ಟು ಎರಡು ಸಲ. ಇದಕ್ಕೇ ಅಂತ ಕಾರಣ ಏನೂ ಇರ್ತಿರ್ಲಿಲ್ಲ, ಮೇಡಂ. ಅವಳು ಗದರಿರಲ್ಲ."

ಗೋಡೆಯಾಚೆ ಕಂಡಕ್ಟರ್ ಯಾರಿಗೋ ಮುಂದೆ ಹೋಗಿ ಎನ್ನುತ್ತಿದ್ದ. ಮೇಲ್ವಿಚಾರಕಿಯ ಮುಖದಲ್ಲಿ ಮರುಕ ಬಂದು, ಬಂದಷ್ಟೇ ಬೇಗ ಹೋಯಿತು.

"ಎಂಟು ಜನ ವಯಸ್ಸಾದೋರ ಮಧ್ಯೆ ಐದು ತಿಂಗಳು ಬಿಟ್ಟಿದೀವಿ ಅವರನ್ನ. ನೀವು ಓದುಬರಹ ಬಲ್ಲೋರು."

"ಹೌದು."

"ನಿಜ ಬರೆದಿದ್ರೆ ನಾವು ತಗೊಳ್ತಾ ಇರ್ಲಿಲ್ಲ."

"ಅದಕ್ಕೇ ಬರೀಲಿಲ್ಲ."

ಮೇಲ್ವಿಚಾರಕಿ ಹಾಳೆಯನ್ನು ಕಡತಕ್ಕೆ ಸೇರಿಸಿದಳು. ಆಸ್ಪತ್ರೆಯ ಬೀಗ ಹಾಕಿಡುವ ವಾರ್ಡಿಗೆ ಅರ್ಜಿ ಹಾಕಬಹುದು, ಸರದಿ ಬರಲು ಒಂದು ವರ್ಷವಾದರೂ ಬೇಕು ಎಂದಳು. ಅಲ್ಲಿಯವರೆಗೆ ಬೇರೆ ದಾರಿಯಿಲ್ಲ. ಶನಿವಾರ ಹನ್ನೊಂದು ಗಂಟೆಗೆ ಬಂದು ಕರೆದುಕೊಂಡು ಹೋಗಬೇಕು. ದೊಡ್ಡಕ್ಕ ಬಿಟ್ಟು ಹೋಗಬೇಕಾಗಿದ್ದ ದಿನವೇ.

ಬಟ್ಟೆ ಒಗೆಯುವ ಕೋಣೆ ಹಿತ್ತಲ ಕಡೆಗಿತ್ತು. ದೊಡ್ಡಕ್ಕ ಯಂತ್ರದ ಮುಂದೆ ಕುಕ್ಕರಗಾಲಲ್ಲಿ ಕುಳಿತು ಹೊದಿಕೆಗಳನ್ನು ಒಳಗೆ ತುರುಕುತ್ತಿದ್ದಳು. ಆಕೆ ಬಾಗಿಲಲ್ಲೇ ನಿಂತು ಎಲ್ಲ ಹೇಳಿದಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದರಿಂದ ನಾಲ್ಕೇ ವಾಕ್ಯದಲ್ಲಿ ಮುಗಿಯಿತು. ಕೆಲಸ ಉಳಿಯಿತು ಎಂಬುದು ಕೊನೆಯ ವಾಕ್ಯ.

ದೊಡ್ಡಕ್ಕ ಯಂತ್ರದ ಮುಚ್ಚಳ ಹಾಕಿ, ಗುಂಡಿ ಒತ್ತಿ, ಎದ್ದು ನಿಂತಳು.

"ಐದು ತಿಂಗಳು, ಅಮ್ಮ," ಎಂದಳು. "ದಿನಾ ಬಂದು ನನ್ನ ಕೈಯಲ್ಲಿ ಚಹಾ ಇಸ್ಕೊಂಡು ಕುಡಿದಿದೀರಿ."

ಆಕೆ ಬಾಗಿಲ ಚೌಕಟ್ಟಿಗೆ ಕೈ ಊರಿದಳು.

"ಎಲ್ಲರ ಹತ್ರಾನೂ ನಾನು ಪಕ್ಕದಲ್ಲೇ ನಿಲ್ಲೋದು. ಕಲಿಸಿರೋದೇ ಹಾಗೆ. ಇವರೊಬ್ಬರ ಹತ್ರ ಎದುರಿಗೆ ನಿಂತೆ, ಮಗು ಎದುರಿಗೆ ನಿಂತ ಹಾಗೆ. ಹಾಳೆ ನಂಬ್ಕೊಂಡು. ಒಂದು ಮಾತು, ನನಗೊಬ್ಬಳಿಗೆ, ಕಿವೀಲಿ ಹೇಳಿದ್ರೂ ಸಾಕಿತ್ತು. ನಾನೇನು ಮೇಡಂಗೆ ಹೋಗಿ ಊದ್ತಿದ್ನಾ? ಈ ಕೈ ಮೊದಲಿನ ಹಾಗೆ ಆಗಲ್ಲ ಅಂದಿದಾರೆ ಡಾಕ್ಟ್ರು. ಕೆಲಸ ಉಳೀತು ಅಂತ ಬಂದಿದೀರಿ ಹೇಳೋಕೆ."

"ತಪ್ಪಾಯ್ತು."

"ಆಯ್ತು."

ಯಂತ್ರದೊಳಗೆ ನೀರು ತುಂಬತೊಡಗಿತು. ಆಕೆ ಹೋಗಲು ತಿರುಗಿದಳು.

"ಮನೇಲಿ ಯಾರಿದಾರೆ?" ಎಂದಳು ದೊಡ್ಡಕ್ಕ ಹಿಂದಿನಿಂದ.

"ನಾನೇ."

"ಮಗಳು?"

"ಅವಳು ಬರಲ್ಲ. ಬರೋದೂ ಬೇಡ."

ದೊಡ್ಡಕ್ಕ ನಾಲಿಗೆಯಲ್ಲಿ ಲೊಚ್ ಎಂದು ಸದ್ದು ಮಾಡಿದಳು. ಅದರಲ್ಲಿ ಕನಿಕರಕ್ಕಿಂತ ಬೇಸರವೇ ಹೆಚ್ಚಿತ್ತು. ಬುಟ್ಟಿಯನ್ನು ಕಾಲಿನಿಂದ ಬದಿಗೆ ಸರಿಸಿ ಜಾಗ ಮಾಡಿದಳು.

"ಬನ್ನಿ ಇಲ್ಲಿ. ಕೈ ಕೊಡಿ."

ಎಡಗೈಯಿಂದ ಆಕೆಯ ಮಣಿಕಟ್ಟನ್ನು ಹಿಡಿದಳು. ಆಕೆ ಥಟ್ಟನೆ ಹಿಂದಕ್ಕೆ ಎಳೆದುಕೊಂಡಳು, ಹಿಡಿತ ಬಿಗಿಯಾಯಿತು.

"ಎಳೀಬೇಡಿ. ಎಳೆದಷ್ಟೂ ಬಿಗಿ ಆಗುತ್ತೆ. ಹೆಬ್ಬೆರಳು ಎಲ್ಲಿದೆ ನೋಡ್ಕೊಳ್ಳಿ. ನಾಲ್ಕು ಬೆರಳು ಒಂದು ಕಡೆ, ಅದೊಂದೇ ಒಂದು ಕಡೆ. ಅದು ಒಂಟಿ, ಅದಕ್ಕೆ ಬಲ ಇಲ್ಲ. ಆ ಕಡೆಗೆ ತಿರುಗಿಸಿ ಜಾರಿಸ್ಬೇಕು. ಮೈ ಪಕ್ಕಕ್ಕೆ. ಹಾಂ, ಎದುರಿಗಲ್ಲ."

ಆಕೆ ತಿರುಗಿಸಿದಳು. ಕೈ ಬರಲಿಲ್ಲ. ಮತ್ತೆ ಹಿಡಿದಾಗಲೂ ಬರಲಿಲ್ಲ. ಮೂರನೆಯ ಸಲ ಮಣಿಕಟ್ಟು ಆ ಸಣ್ಣ ಸಂದಿಯಿಂದ, ಸಿಪ್ಪೆಯಿಂದ ಕಾಳು ಜಾರಿದಂತೆ, ಹೊರಗೆ ಬಂತು. ಆಕೆ ತನ್ನ ಕೈಯನ್ನೇ ನೋಡಿದಳು.

"ಇಷ್ಟೇನಾ?" ಎಂದಳು.

"ಇಷ್ಟೇ."

"ಇನ್ನೊಂದ್ಸಲ. ಗಟ್ಟಿಯಾಗಿ ಹಿಡಿ."

"ನೋಯುತ್ತಮ್ಮ."

"ಹಿಡಿ."

ದೊಡ್ಡಕ್ಕ ಕಾಲುಗಳನ್ನು ಅಗಲಿಸಿ ನಿಂತು ಎಡಗೈ ಚಾಚಿದಳು. ಆಕೆ ಸ್ವೆಟರಿನ ತೋಳನ್ನು ಮೊಣಕೈವರೆಗೆ ಮಡಿಚಿಕೊಂಡು, ಪಕ್ಕಕ್ಕೆ ತಿರುಗಿ ನಿಂತು, ಕೈ ಮುಂದೆ ಕೊಟ್ಟಳು.