ಫೋಟೋಗೆ ಮಾತ್ರ ಕಿಟ್

“ಕಿಟ್ ಬೇಕಾ ಕಿಟ್? ಎಲಾ ಇವಳಾ! ನಿಮ್ಮಪ್ಪ ಕಟ್ಟಿಸಿದ ಸ್ಟೋರಾ ಇದು? ಕಲಿಯೋಕ್ ಬಂದೋರು ತೆಪ್ಪಗೆ ಕಲೀರಿ. ನಡೀರಿ ಮುಂಡೇವಾ!”

ಆಸ್ಪತ್ರೆಯ ಸ್ಟೋರ್‌ಕೀಪರ ಕಿಟಕಿಯನ್ನು ದಡಾರನೆ ಹಾಕಿಕೊಂಡ. ಹೊರಗೆ ನಿಂತಿದ್ದವರು ನರ್ಸಿಂಗ್ ಎರಡನೇ ವರ್ಷದ ಹತ್ತು ಹುಡುಗಿಯರು. ಬೈಸಿಕೊಂಡವಳು ಕಡ್ಡಿ. ಹೆತ್ತವರು ಇಟ್ಟ ಹೆಸರು ಬೇರೆಯಿತ್ತು, ಹಾಸ್ಟೆಲ್ಲಿನಲ್ಲಿ ಅದು ಯಾರಿಗೂ ನೆನಪಿರಲಿಲ್ಲ.

ಸೋಂಕಿನ ವಾರ್ಡಿನಲ್ಲಿ ಡಾಕ್ಟರುಗಳಿಗೆ ಮೈ ಪೂರ್ತಿ ಮುಚ್ಚುವ ಕಿಟ್, ಈ ಹುಡುಗಿಯರಿಗೆ ಮಳೆಕೋಟು. ಕಡ್ಡಿಯದಂತೂ ಕಂಕುಳಲ್ಲಿ ಹರಿದಿತ್ತು. ಗಾಯಕ್ಕೆ ಹಾಕುವ ಪ್ಲಾಸ್ಟರನ್ನೇ ಮೆತ್ತಿಕೊಂಡು ಎರಡು ವಾರ ದೂಡಿದ್ದಳು. ಮೊನ್ನೆ ಅವಳ ರೂಮಿನ ಗೆಳತಿಯೇ ಜ್ವರ ಬಂದು ಅದೇ ವಾರ್ಡಿನಲ್ಲಿ ಮಲಗಿದಳು. ಅವತ್ತಿನಿಂದ ಒಂದು ಸೀನು ಬಂದರೂ ಕಡ್ಡಿಗೆ ಜೀವ ಬಾಯಿಗೆ ಬರುತ್ತಿತ್ತು. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತು, ಮುಖ ತೊಳೆದು, ಹೊರಗೆ ಬಂದು ಎಲ್ಲರನ್ನೂ ನಗಿಸುತ್ತಿದ್ದಳು.

ಮಾರನೆಯ ಬೆಳಿಗ್ಗೆ ಅದೇ ಸ್ಟೋರ್‌ಕೀಪರನ ಬಾಯಲ್ಲಿ ಬೆಣ್ಣೆ.

“ಬನ್ರಮ್ಮಾ, ಬನ್ನಿ! ಹತ್ತು ಹೊಸ ಕಿಟ್! ದೊಡ್ಡ ಸಾಹೇಬ್ರು ಬಂದಿದ್ದಾರೆ, ನಿಮ್ ಜೊತೆ ಫೋಟೋ ತೆಗೆಸ್ಕೋತಾರಂತೆ.”

ಹಾಕಿಕೊಂಡರು. ಕಡ್ಡಿಯ ಕಿಟ್ಟಿನೊಳಗೆ ಇನ್ನೊಬ್ಬಳು ಕಡ್ಡಿ ಹಿಡಿಸುವಷ್ಟು ಜಾಗವಿತ್ತು. ವಾರ್ಡಿನ ಬಾಗಿಲ ಮುಂದೆ ಸಾಲಾಗಿ ನಿಂತರು. ಸಾಹೇಬರು ಹತ್ತಡಿ ದೂರದಿಂದ ಚಪ್ಪಾಳೆ ತಟ್ಟಿ, “ನೀವೇ ದೇವ್ರು ಕಣಮ್ಮಾ” ಎಂದರು. ಫೋಟೋ ಆಯಿತು, ಕಾರು ಹೋಯಿತು.

“ಹ್ಞೂಂ, ಬಿಚ್ಚಿ ಬಿಚ್ಚಿ! ನೀಟಾಗಿ ಮಡಚಿ ಕೊಡಿ, ಡಾಕ್ಟರ್‌ಗಳದ್ದು ಅವು.”

“ದೇವ್ರ ಬಟ್ಟೆ ಬಿಚ್ಚಿಸ್ತೀರಾ ಸಾರ್?” ಎಂದಳು ಕಡ್ಡಿ.

“ತಲೆಹರಟೆ ಮುಂಡೇದೆ! ಪ್ರಿನ್ಸಿಪಾಲ್ರಿಗೆ ಹೇಳಿ ಪರೀಕ್ಷೆಗೆ ಕೂರ್ದಂಗೆ ಮಾಡಿಸ್ತೀನಿ. ಬಿಚ್ಚೇ!”

ಕಡ್ಡಿ ಲೆಕ್ಕ ಹಾಕಿದಳು. ಪರೀಕ್ಷೆ ಹೋದರೆ ಮನೆಗೆ ಹೋಗಿ ಅಪ್ಪನಿಗೆ ಮುಖ ತೋರಿಸುವ ಹಾಗಿಲ್ಲ. ಕಿಟ್ ಹೋದರೆ ಮನೆಗೇ ಹೋಗುವ ಹಾಗಿಲ್ಲವೇನೋ! ಆಗ ವಾರ್ಡಿನ ಬಾಗಿಲಲ್ಲಿ ನೆಲಕ್ಕೆ ಎಳೆದಿದ್ದ ಕೆಂಪು ಗೆರೆ ಅವಳ ಕಣ್ಣಿಗೆ ಬಿತ್ತು. ಗೆರೆ ದಾಟಿ ವಾರ್ಡಿನೊಳಗೆ ಹೋದ ಕಿಟ್ ವಾಪಸು ಸ್ಟೋರಿಗೆ ಹೋಗುವಂತಿಲ್ಲ, ಕೆಲಸ ಮುಗಿದ ಮೇಲೆ ಸುಡಬೇಕು. ಮೊದಲ ದಿನವೇ ಬಾಯಿಪಾಠ ಮಾಡಿಸಿದ ನಿಯಮ.

ಕಡ್ಡಿ ಒಂದು ಹೆಜ್ಜೆ ಹಿಂದಿಟ್ಟಳು. ಗೆರೆಯಾಚೆ ನಿಂತಳು.

“ಏಯ್!”

ಪಕ್ಕದವಳು ದಾಟಿದಳು. ಅವಳ ಪಕ್ಕದವಳೂ ದಾಟಿದಳು. ಹತ್ತೂ ಜನ ಆಚೆಗಾದರು. ಸ್ಟೋರ್‌ಕೀಪರ ಓಡಿಬಂದು ಗೆರೆಯ ಹತ್ತಿರ ಗಕ್ಕನೆ ನಿಂತ.

“ಒಳಗೆ ಬನ್ನಿ ಸಾರ್, ನೀವೇ ಬಿಚ್ಕೊಂಡು ಹೋಗಿ” ಎಂದಳು ಕಡ್ಡಿ.

“ನಾಳೆ ಏನ್ ಮಾಡ್ತೀರೋ ನಾನೂ ನೋಡ್ತೀನಿ ಕಣ್ರೇ!”

“ನಾಳೆ ಹತ್ತು ಕಿಟ್ ತಂದು ಇಲ್ಲಿಡಿ ಸಾರ್. ಇಲ್ಲಾಂದ್ರೆ ನಾವೇ ಸ್ಟೋರಿಗೆ ಬರ್ತೀವಿ. ಹಿಂಗೇ, ವಾರ್ಡಿನ ಬಟ್ಟೇಲಿ. ಬೇಕಾದ್ರೆ ಈಗ್ಲೇ ಬರ್ಲಾ?”

ಕಡ್ಡಿ ಗೆರೆಯ ಕಡೆಗೆ ಒಂದು ಕಾಲು ಚಾಚಿದಳು. ಸ್ಟೋರ್‌ಕೀಪರ ಓಟ ಕಿತ್ತ.