ಕಿಂಡ್ಯಾಗಿನ ಕೈ

ಟಿಣ್ — ಕಂಪ್ಯೂಟರಿನ ಪರದೆಯ ಕೆಳಮೂಲೆಯಿಂದ ಮತ್ತೊಂದು ಹಳದಿ ಚೌಕ ತಲೆಯೆತ್ತಿತು, ಇಣುಕಿತು, ನಾಲ್ಕೆಣಿಸುವಷ್ಟರಲ್ಲಿ ಕರಗಿತು, ಇಳಕಲ್ಲಿನ ಕಲ್ಲುಗಣಿಯ ಮ್ಯಾನೇಜರ ಅಮಾತೆಪ್ಪ ಬರ್ತಾರಂತ, ಆಕ್ಸೆಪ್ಟೆಡ್, ಅಲ್ಲಿಗೆ ಇಪ್ಪತ್ತಮೂರು, ಬಸವಂತ ಕಾಗದದ ಮೇಲೆ ಗೀಟು ಎಳೆದ, ಎಳೆದ ಗೀಟಿನ ಮೇಲೇ ಮತ್ತೆರಡು ಸಲ ಎಳೆದ, ಮೇಜಿನ ಕೆಳಗೆ ಎಡಗಾಲು ತನ್ನ ಪಾಡಿಗೆ ತಾನು ಕುಣಿಯುತ್ತಿದೆ, ಶನಿವಾರ, ನಾಲ್ಕೂವರೆ, ನಾಳೆ ಮುಂಜಾನೆ ನವನಗರದ ಹೊಸ ಮನೆಯ ವಾಸ್ತುಶಾಂತಿ, ಈ ಚೌಕವನ್ನು ಎಲ್ಲಿಯೋ ನೋಡಿದ್ದು, ಹಿಂಗೇ ಇಷ್ಟಗಲ, ಒಳಗಿಂದ ಏನೋ ಹೊರಗ ಬರೂದು — ಕೈ, ಹಸಿರು ಬಳೆಯ ಕೈ — ಬ್ಯಾಡ, ಈಗ ಅದು ಬ್ಯಾಡ, ಮೊದಲು ಲೆಕ್ಕ. ಲೆಕ್ಕಕ್ಕಾಗಿಯೇ ಅಲ್ಲವೇ ಮಧ್ಯಾಹ್ನ ಹೆಂಡತಿ ಸಾವಂತ್ರವ್ವ ಫೋನು ಮಾಡಿದ್ದು, ಅಡಿಗಿಯಾಂವ ಕೇಳಾಕತ್ತಾನ್ರಿ, ನಿಮ್ಮ ಆಫೀಸಿನ ಮಂದಿ ಎಷ್ಟು, ಹೂರಣಕ್ಕ ಬ್ಯಾಳಿ ನೆನಿ ಹಾಕಬೇಕು, ಇವನು ಕರೆದದ್ದು ಇಪ್ಪತ್ತಾರು ಅಂದ, ಇಬ್ಬರು ಟೆಂಟೇಟಿವ್ ಅಂದ, ಹಂಗಂದ್ರೇನ್ರಿ, ಏನಿಲ್ಲ, ಮನಸಿನ್ಯಾಗ ಟೆಂಟ್ ಹೊಡದು ಹೊರಗ ಕುಂತಾರ, ಊಟದ ವಾಸನಿ ಬಂದ್ರ ಒಳಗ ಬರ್ತಾರ, ಆಕೆ ನಗಲಿಲ್ಲ, ಅಲ್ಲರೀ, ಅಹ್ಮದಣ್ಣ ಇನ್ನೂ ಬಂದಿಲ್ಲಲ್ಲ, ಹಿಂದಿನ ದಿನಾನ ಬಂದು ತಳಿರತೋರಣ ಅಂವನ ಕಟ್ತಾನಂತ ಮುಂಜಾನಿಂದ ದಾರಿ ನೋಡಾಕತ್ತೇನಿ, ಕರದೀರಿಲ್ಲೋ? ಕರದೇನಿ ಬಿಡ, ಎಲ್ಲಾರ್ನೂ ಕರದೇನಿ. ಫೋನಿಟ್ಟ. ಇಟ್ಟವನೇ ಕಳಿಸಿದ ಪಟ್ಟಿ ತೆರೆದ, ಇಂಗ್ಲಿಷ್ ಅಕ್ಷರದ ಸಾಲಿನಲ್ಲಿ. ಅಫ್ಜಲ, ಅಮಾತೆಪ್ಪ. ಇಬ್ಬರೂ ಒಬ್ಬರ ಬೆನ್ನಿಗೊಬ್ಬರು ಒತ್ತಿಕೊಂಡು ಕುಳಿತಿದ್ದಾರೆ, ನಡುವೆ ಒಂದು ಹೆಸರು ಕೂಡಬೇಕಾದ ಜಾಗದಲ್ಲಿ ಕೂದಲೆಳೆಯಷ್ಟೂ ಸಂದಿಲ್ಲ.

ಎಲ್ಲಿಂದ ಇರಬೇಕು, ಆ ಪಟ್ಟಿಯಲ್ಲಿರುವುದು ಕಂಪ್ಯೂಟರು ಇದ್ದವರು, ಇಡೀ ಆಫೀಸಿನಲ್ಲಿ ಮೇಜಿಲ್ಲದವನು ಅಹ್ಮದಸಾಬನೊಬ್ಬನೇ, ಓಣಿಯಂಥ ಪಡಸಾಲೆಯಲ್ಲಿ ಒಂದು ಸ್ಟೂಲು, ಒಂದು ಚಹಾದ ಟ್ರೇ, ಜವಾನನಿಗೆ ಈಮೇಲು ಯಾಕೆ, ಇದನ್ನು ಯಾರೂ ಅನ್ನಲಿಲ್ಲ, ಯಾರೂ ಅನ್ನದೆಯೇ ಎಲ್ಲರಿಗೂ ಗೊತ್ತಿತ್ತು. ಈ ಈಮೇಲು ಕಲಿಸಲು ಬೆಂಗಳೂರಿನಿಂದ ಬಂದಿದ್ದ ಹುಡುಗಿ ಪ್ರೀತಿ, ನಾಲ್ಕು ದಿನ ನಾಲ್ಕು ನೂರು ಸಲ ಬಿಡಿ-ಬಿಡಿ ಅಂದಳು, ಹಾಕ್ಬಿಡಿ, ಒತ್ಬಿಡಿ, ಕಳಿಸ್ಬಿಡಿ, ಯಾರ ದನಿಯನ್ನಾದರೂ ನಕಲು ಮಾಡುವ ಬಸವಂತ ಮರುದಿನವೇ ಆಕೆಯ ದನಿಯನ್ನು ಮೂಗಿನ ಸಮೇತ ಎತ್ತಿಕೊಂಡು ಚಹಾದ ಹೊತ್ತಿನಲ್ಲಿ ಬಡಿಸಿದ್ದ, ಸರ್ ಯಾಕೆ ಒಬ್ಬೊಬ್ರ ಹೆಸ್ರೂ ಟೈಪ್ ಮಾಡ್ತಾ ಕೂತಿದೀರ, ಆಲ್ ಸ್ಟಾಫ್ ಅಂತಿದೆ ನೋಡಿ, ಅದನ್ನ ಹಾಕ್ಬಿಡಿ, ಎಲ್ರಿಗೂ ಹೋಗ್ಬಿಡತ್ತೆ — ನಕ್ಕು ನಕ್ಕು ಟ್ರೇ ಅಲುಗಾಡಿಸಿ ಚಹಾ ಚೆಲ್ಲಿದವನು ಅಹ್ಮದನೇ, ಲೇ ಬಸ್ಯಾ ಸಾಕ್ ಮಾಡೋ, ಹೊಟ್ಟಿ ನೋಯಾಕತ್ತೈತಿ. ಎಲ್ರಿಗೂ ಹೋಗ್ಬಿಡತ್ತೆ. ಹೋಯಿತು. ಸೋಮವಾರ ಮುಂಜಾನೆ ಸಾವಂತ್ರವ್ವ ಅಕ್ಷತೆಯ ಪೊಟ್ಟಣ ಕಟ್ಟಿ ಅಂಗಿಯ ಕಿಸೆಗೆ ಹಾಕಿದ್ದಳು, ಒಬ್ಬೊಬ್ಬರ ಹತ್ರ ಹೋಗಿ ಕೈಯಾಗ ಕಾಳು ಕೊಟ್ಟು ಕರೀರಿ, ಕುಂತಲ್ಲಿಂದ ಕೂಗಬ್ಯಾಡ್ರಿ, ಇವನು ನಕ್ಕಿದ್ದ, ಹುಚ್ಚಿ, ಈಗ ಕುಂತಲ್ಲಿಂದನ ಕೂಗೂ ಕಾಲ, ಆಫೀಸಿಗೆ ಬಂದ, ತಾರೀಖು ಹಾಕಿದ, ಹೋಳಿಗೆ ಊಟ ಅಂತಲೂ ಸೇರಿಸಿದ, ಒತ್ತಿದ. ಸೆಂಡ್ ಒತ್ತೂದೂ ಸಂಡಿಗಿ ಕರಿಯೂದೂ ಒಂದ, ತಿರುಗಿ ಹಿಟ್ಟಾಗೂದಿಲ್ಲ ಅಂತ ಆಗ ಅಂದಿದ್ದ, ಪಕ್ಕದ ಮೇಜಿನವರು ನಕ್ಕಿದ್ದರು.

ಮತ್ತು ಟಿಣ್. ಇದು ಬೇರೆ ಟಿಣ್, ನೆನಪಿನ ಗಂಟೆ, ವಾಸ್ತುಶಾಂತಿ, ಹದಿನೈದು ತಾಸು ಉಳಿದಿದೆ, ತೆಗೆದುಹಾಕಲೇ, ಐದು ನಿಮಿಷ ಬಿಟ್ಟು ನೆನಪಿಸಲೇ, ಐದು ನಿಮಿಷ ಅಂತ ಒತ್ತಿದ, ಎರಡೂವರೆಯಿಂದ ಇದನ್ನೇ ಒತ್ತುತ್ತಿದ್ದಾನೆ, ಐದು ನಿಮಿಷ ತಡಿ, ಚಹಾ ಕೊಡಾಕ ಬಂದಾಗ ಹೇಳ್ತೇನಿ, ಚಹಾ ಬಂತು, ಗ್ಲಾಸು ಸಪ್ಪಳವಿಲ್ಲದೆ ಮೇಜಿಗಿಳಿಯಿತು, ತಗೋರಿ ಸರ. ಸರ! ಮೂವತ್ತು ವರ್ಷ ಬಸ್ಯಾ, ಬಹಳವೆಂದರೆ ಸಾಹೇಬರ ಎದುರಿಗೆ ಬಸವಂತಪ್ಪ, ಈಗ ಸರ. ಯಾವಾಗ ಶುರುವಾಯಿತು ಅದು — ಸೋಮವಾರ, ಹೌದು, ಹದಿನಾಲ್ಕು ಕಂಪ್ಯೂಟರು ಒಂದೇ ಉಸಿರಿಗೆ ಟಿಣ್ ಅಂದಾಗ ಅಹ್ಮದ ಟ್ರೇ ಹಿಡಿದು ಆಫೀಸಿನ ನಟ್ಟನಡುವೆ ನಿಂತಿದ್ದ, ಅರೆ ಬಸವಂತಪ್ಪಾರ, ಅಭಿನಂದನೆ, ಬರ್ತೇವ್ರಿ, ಹೋಳಿಗಿ ಬಿಡ್ತೇವೇನ್ರಿ, ಎಲ್ಲರೂ ಎದ್ದು ಬಂದು ಕೈ ಕುಲುಕಿದರು, ಅವನು ಈ ಪರದೆಯಿಂದ ಆ ಪರದೆಗೆ ನೋಡುತ್ತ ಎಲ್ಲರ ಜೊತೆ ನಗುತ್ತಿದ್ದ, ಕೊನೆಗೆ ಇವನ ಮೇಜಿಗೆ ಬಂದು ಗ್ಲಾಸಿಟ್ಟ, ಇಟ್ಟು ನಿಂತ, ಎರಡು ಉಸಿರು, ಮೂರು ಉಸಿರು, ಕರೆಯುತ್ತಾರೆಂದು ನಿಲ್ಲುವವರು ನಿಲ್ಲುವ ಹಾಗೆ, ಬಸವಂತ ಪರದೆಯಿಂದ ಕಣ್ಣು ತೆಗೆಯದೆ ಕೇಳಿದ, ಏನೋ? ಏನಿಲ್ರಿ ಸರ. ಅದು ಮೊದಲ ಸರ. ಚೇಷ್ಟೆ ಅಂದುಕೊಂಡ ಇವನು, ನನ್ನ ಕಸಬು ಅಂವ ಕಲ್ತಾನ, ಸಾಹೇಬರ ಮುಂದ ನಿಂತ ಜವಾನನ ನಕಲಿ ಮಾಡಾಕತ್ತಾನ ಅಂತ ಒಳಗೊಳಗೇ ನಕ್ಕ.

ಮನಿಯಾವ್ನ ಯಾರ್ ಕರೀತಾರ, ಮನಿಯಾಂವ ತಾನ ಬರ್ತಾನ — ಛಲೋ ಮಾತು, ಛಲೋ ನೆಪ, ಆದರೆ ಹುಟ್ಟಿದ್ದು ಇವತ್ತು ಮಧ್ಯಾಹ್ನ ಎರಡೂವರೆಗೆ. ಸೋಮವಾರ ಆ ಹೆಸರು ತಲೆಗೇ ಬರಲಿಲ್ಲ. ಹಳೆ ಬಾಗಲಕೋಟೆಯ ಮನೆಗಳೆರಡಕ್ಕೂ ಇದ್ದದ್ದು ಒಂದೇ ಗೋಡೆ, ಗೋಡೆಯಲ್ಲೊಂದು ಕಿಂಡಿ, ಗೇಣುದ್ದ ಗೇಣಗಲ, ಆ ಕಡೆ ಅಹ್ಮದನ ಅವ್ವ ಅಮೀನಬಿ, ಈ ಕಡೆ ಇವನ ಅವ್ವ, ಪಂಚಮಿಯ ಉಂಡಿ ಆ ಕಡೆ ಹೋಗುತ್ತಿತ್ತು, ರಮಜಾನಿನ ಶಾವಿಗೆಯ ಸುರಕುಂಬಾ ಈ ಕಡೆ ಬರುತ್ತಿತ್ತು, ಮೊದಲು ಅಮೀನಬಿಯ ಹಸಿರು ಬಳೆಯ ಸಪ್ಪಳ, ಆಮೇಲೆ ಕೈ, ಕೈಯಲ್ಲಿ ತಾಟು, ತಾಟಿನಲ್ಲಿ ಬಟ್ಟಲು, ಮುಖ ಕಾಣುತ್ತಿರಲಿಲ್ಲ, ದನಿ ಮಾತ್ರ, ಹಿಡಿಯೋ ಬಸ್ಯಾ, ಕೈ ಸೋಲ್ತೈತಿ. ಆಣೆಕಟ್ಟಿನ ಹಿನ್ನೀರು ಬಂದು ಕಿಂಡಿ ಮುಳುಗಿತು, ಅಹ್ಮದನ ಸೈಕಲ್ ಅಂಗಡಿ ಮುಳುಗಿತು, ಅಮೀನಬಿ ನವನಗರಕ್ಕೆ ಬಂದ ವರ್ಷವೇ ಹೋದಳು, ಈ ಆಫೀಸಿಗೆ ಅಹ್ಮದನನ್ನು ಸೇರಿಸಿದವನು ತಾನೇ, ಅದನ್ನೊಂದು ಎಷ್ಟು ಸಲ ನೆನೆಸಿಕೊಳ್ಳುತ್ತೀ ಬಸವಂತಾ, ಸೇರಿಸಿದ ದಿನ ನೀನೇ ಅಂದಿದ್ದೆ, ಒಳಗ ನಾ ಏನರ ಆಗಿರ್ಲಿ, ನಿನಗ ಬಸ್ಯಾ. ಆಕೆ ಹೋದ ಮೇಲೆ ಅಹ್ಮದ ಮೋಡ ಕವಿದವನಂತೆ ಕುಳಿತಾಗಲೆಲ್ಲ ಬಸವಂತ ಅದೇ ದನಿ ತೆಗೆಯುತ್ತಿದ್ದ, ಹಿಡಿಯೋ ಬಸ್ಯಾ, ಕೈ ಸೋಲ್ತೈತಿ, ಅವನು ಅಳುತ್ತಲೇ ನಗುತ್ತಿದ್ದ, ಇನ್ನೊಮ್ಮೆ ಅನ್ನೋ, ಇನ್ನೊಮ್ಮೆ ಅನ್ನೋ.

ಟಿಣ್, ಐದು ನಿಮಿಷ ಮುಗಿದವು, ಇನ್ನೈದು — ಇಲ್ಲ, ಬೆರಳು ಗುಂಡಿಯ ಮೇಲೆ ಹೋಗಿ ತಿರುಗಿ ಬಂತು, ಎದ್ದ, ಕುರ್ಚಿ ಹಿಂದಕ್ಕೆ ಉರುಳಿ ಗೋಡೆಗೆ ಬಡಿಯಿತು, ಪಡಸಾಲೆ ಇಪ್ಪತ್ತು ಹೆಜ್ಜೆ, ಕಿಸೆಯಿಂದ ಅಕ್ಷತೆಯ ಪೊಟ್ಟಣ ತೆಗೆದ, ಅಂಗಿಯಿಂದ ಅಂಗಿಗೆ ದಾಟಿ ಬಂದದ್ದು, ಐದು ದಿನದ ಬೆವರಿಗೆ ಅರಿಷಿಣ ಹತ್ತಿ ಕಾಗದವೆಲ್ಲ ಹಳದಿ, ಏನನ್ನಲಿ, ಗಂಟಲಲ್ಲಿ ದನಿಗಳು ಸಾಲುಗಟ್ಟಿ ನಿಂತಿವೆ, ಸಾಹೇಬರ ಕೆಮ್ಮು ಬೇಕೇ, ಪ್ರೀತಿಯ ಬಿಡಿ-ಬಿಡಿ ಬೇಕೇ, ತನ್ನದೊಂದು ಎಲ್ಲಿಟ್ಟೆ, ಅಹ್ಮದ ಸ್ಟೂಲಿನ ಮೇಲೆ ಕುಳಿತು ಗ್ಲಾಸುಗಳನ್ನು ಒರೆಸುತ್ತಿದ್ದಾನೆ, ನೋಡಿದ, ಎದ್ದು ನಿಂತ — ಇವನನ್ನು ಕಂಡು ಎಂದೂ ಏಳದವನು, ಕುಂಡ್ರೋ, ಕುಂತ್ಕೊಳ್ಳೋ, ಅಹ್ಮದಾ, ನಾಳೆ ಮನ್ಯಾಗ, ಅಂದ್ರ ವಾಸ್ತುಶಾಂತಿ, ನೀ ಬಾ — ದನಿ ಯಾರದೋ, ಸಣ್ಣದು, ಒಣಗಿದ್ದು. ಗೊತ್ತೈತ್ರಿ ಸರ, ಅಂದ ಅಹ್ಮದ, ಒರೆಸಿದ ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿ ಟ್ರೇಯಲ್ಲಿ ಬೋರಲು ಹಾಕಿದ, ಸಿಟ್ಟಿಲ್ಲ, ಮುಖದ ಮೇಲೆ ಚಹಾ ಕೊಡುವಾಗಿನ ಅದೇ ನಗು, ಕುರ್ಚಿ ಹಾಕಾಕ ಎಷ್ಟಕ್ಕ ಬರ್ಲಿರಿ?

ಕುರ್ಚಿ, ಅಲ್ಲ, ಕುರ್ಚಿಗಲ್ಲೋ, ಅನ್ನಬೇಕು, ಅಮೀನಬಿಯ ಆ ದನಿ ತೆಗೆಯಬೇಕು, ಆ ಒಂದು ದನಿ ತೆಗೆದರೆ ಸಾಕು, ನಗುತ್ತಾನೆ, ಬಾಯಿ ತೆರೆದ, ಬರೀ ಗಾಳಿ ಬಂತು, ಪೊಟ್ಟಣ ಮುಷ್ಟಿಯಲ್ಲಿ ಹಾಗೇ ಇದೆ, ಹಿಂದೆ ತನ್ನ ಮೇಜಿನ ಪರದೆಯಲ್ಲಿ ಯಾರೋ ಮತ್ತೊಬ್ಬರು ಬರುತ್ತೇನೆ ಅಂದರು, ಟಿಣ್, ಇಪ್ಪತ್ತನಾಲ್ಕು, ಗೋಡೆ, ಗೋಡೆಯಲ್ಲಿ ಕಿಂಡಿ, ಬಳೆಯ ಸಪ್ಪಳ, ಕೈ ಬಂತು, ಕೈಯಲ್ಲಿ ತಾಟು, ತಾಟು ನಡುಗುತ್ತಿದೆ, ಹಿಡಿಯೋ ಬಸ್ಯಾ, ಈ ಕಡೆ ಯಾರೂ ಇಲ್ಲ, ಹಿಡಿಯೋ, ಕೈ ಹಾಗೇ ಇದೆ.