ಗುರುಬಸಪ್ಪನ ಬ್ರೇಕು

ವ್ಯಾನಿನ ಡ್ರೈವರ್ ಹಿಂದಿನ ಬಾಗಿಲು ತೆರೆದು ಸ್ಟ್ರೆಚರ್ ಹೊರಗೆಳೆದವನು, ವರಾಂಡದಲ್ಲಿ ಕೂತಿದ್ದ ಗುರುಬಸಪ್ಪನನ್ನು ನೋಡಿ ಹಾಗೇ ನಿಂತುಬಿಟ್ಟ.

"ಸಾರ್, ಇದು ಮಲಗಿಸ್ಕೊಂಡು ಹೋಗೋ ಗಾಡಿ. ಇವರನ್ನ ಕೂರಿಸ್ಬಿಟ್ಟಿದೀರಲ್ಲ!"

"ನಮ್ಮಲ್ಲಿ ಕೂರಿಸೋದೇ ಕಣಪ್ಪ," ಎಂದರು ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು. "ಫೋನ್ ಮಾಡಿದೋರು ಹೇಳ್ಲಿಲ್ವ?"

ಫೋನ್ ಮಾಡಿದ್ದು ಅಳಿಯ ಉದಯಕುಮಾರ. ಅವನು ಮೊಬೈಲಿನಲ್ಲಿ ಬರೀ 'ಬಾಡಿ' ಅಂದಿದ್ದ. ಜೀವ ಹೋದ ಕೂಡಲೇ ಚಕ್ಕಳಮಕ್ಕಳ ಹಾಕಿಸಿ ಗೋಡೆಗೆ ಒರಗಿಸಿದ್ದ ಮಾವ ಈಗ ಕೊರಡಿನ ಹಾಗೆ ಸೆಟೆದಿದ್ದರು. ಹಣೆಗೆ ವಿಭೂತಿ, ತಲೆಗೆ ರೇಷ್ಮೆ ಪೇಟ, ಎಡಗೈಯಲ್ಲಿ ಲಿಂಗ. ವ್ಯಾನಿನ ಚಾವಣಿಯೋ ತೀರಾ ತಗ್ಗು. ಕೂತ ಗುರುಬಸಪ್ಪನನ್ನು ಅದರೊಳಗೆ ತೂರಿಸುವುದಂತೂ ಆಗದ ಮಾತು.

ಎದುರುಮನೆಯ ದುಂಡೇಶ ಕಾಂಪೌಂಡಿಗೆ ಒರಗಿ ಇದನ್ನೆಲ್ಲ ನೋಡುತ್ತಿದ್ದ. ಬಸವೇಶ್ವರನಗರದ ಈ ರಸ್ತೆಯಲ್ಲಿ ಇಬ್ಬರೂ ಒಂದೇ ವರ್ಷ ಮನೆ ಕಟ್ಟಿಸಿದವರು, ಒಟ್ಟಿಗೇ ಹೋಗಿ ಎರಡು ಬಿಳಿ ಅಂಬಾಸಿಡರ್ ತಂದವರು. ಬೆಳಗಿನಿಂದ ಬಂದವರೆಲ್ಲ ಗುರುಬಸಪ್ಪನಿಗೆ ಕೈಮುಗಿದು, ಹೆಂಡತಿ ನೀಲಮ್ಮನಿಗೆ ಸಮಾಧಾನದ ಮಾತು ಹೇಳಿ, ಆಮೇಲೆ ನೆಟ್ಟಗೆ ಶೆಡ್ಡಿಗೆ ಹೋಗಿ ಅವನ ಕಾರಿನ ಸುತ್ತ ನಿಲ್ಲುತ್ತಿದ್ದರು.

"ಎಂಥ ಗಾಡಿ ಇಟ್ಟಿದ್ರು ರೀ! ಹಳೇ ಗಾಡಿಗೆ ಹೊಸ ಮಾಡೆಲ್ ಬ್ರೇಕು. ಈ ಏರಿಯಾದಲ್ಲೇ ಇಲ್ಲ."

ದುಂಡೇಶನ ಹೊಟ್ಟೆ ಉರಿಯಿತು. ಥೂ, ಸತ್ತ ದಿನವೂ ಅದೇ ಪುರಾಣ! ಅವನ ಕಾರೂ ಅಲ್ಲೇ ರಸ್ತೆಯಾಚೆ ನಿಂತಿತ್ತು. ಒಬ್ಬನಾದರೂ ಅತ್ತ ತಿರುಗಿ ನೋಡಬೇಕಲ್ಲ.

"ಅವರ ಕಾರೇ ಇದೆಯಲ್ಲ," ಎಂದರು ಅಯ್ಯನವರು. "ಮುಂದಿನ ಸೀಟು ಮಂಚದಷ್ಟು ಅಗಲ ಇದೆ. ಅಲ್ಲೇ ಕೂರಿಸಿ."

"ನಂಗೆ ಆ ಗಾಡಿ ಬರಲ್ಲ ಸ್ವಾಮಿ. ಗೇರು ಸ್ಟೀರಿಂಗ್ ಹತ್ರ ಇದೆ," ಎಂದ ಉದಯಕುಮಾರ.

ನೀಲಮ್ಮ ಕಣ್ಣೊರೆಸಿಕೊಂಡು ಎದ್ದು ಗೇಟಿಗೆ ಬಂದರು. "ದುಂಡೇಶಣ್ಣ, ನೀವೇ ಓಡಿಸ್ಬೇಕು. 'ದುಂಡ ನನ್ನ ಗಾಡೀನ ಒಂದ್ಸಲ ಮುಟ್ಲಿಲ್ವಲ್ಲೇ' ಅಂತ ಯಾವಾಗ್ಲೂ ಅಂತಿದ್ರು ಇವರು."

ದುಂಡೇಶ ಗೇಟಿನೊಳಗೆ ಬಂದು ಕೀಲಿಗೆ ಕೈಚಾಚಿದ.

* * *

ಮೊದಲು ಇಬ್ಬರ ಕಾರಿನದೂ ಒಂದೇ ಗೋಳು. ಬ್ರೇಕನ್ನು ಒಂದಲ್ಲ ಎರಡು ಸಲ ತುಳಿಯಬೇಕು, ಮಳೆ ಬಂದರೆ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತಿತ್ತು. ಸಂಜೆ ಕಟ್ಟೆಯ ಮೇಲೆ ಕೂತು ಇಬ್ಬರೂ ಬ್ರೇಕನ್ನು ಬೈಯುತ್ತಿದ್ದರು. ದುಂಡೇಶನಿಗೆ ಆ ದಿನಗಳೇ ಚೆನ್ನಾಗಿದ್ದವು.

ಆಮೇಲೆ ಗುರುಬಸಪ್ಪ ಎಲ್ಲಿಂದಲೋ ಸುದ್ದಿ ತಂದ. ಸುಂಕದಕಟ್ಟೆಯ ಗುಜರಿಗೆ ಹೊಸ ಮಾಡೆಲಿನ ಅಂಬಾಸಿಡರ್ ಒಂದು ಬಂದಿದೆ, ಲಾರಿ ಗುದ್ದಿ ಹಿಂಭಾಗ ಅಪ್ಪಚ್ಚಿ, ಮುಂದಿನ ಚಕ್ರಗಳ ಡಿಸ್ಕ್ ಬ್ರೇಕು ಮಾತ್ರ ಹಾಗೇ ಇದೆ ಎಂದು. ಒಂದು ಭಾನುವಾರ ಮೆಕ್ಯಾನಿಕ್ ಬೆಟ್ಟಯ್ಯನನ್ನು ಮನೆಗೇ ಕರೆಸಿ, ಅದನ್ನು ಬಿಚ್ಚಿ ತಂದು ತನ್ನ ಕಾರಿಗೆ ಕೂರಿಸಿದ. ರಸ್ತೆಯ ಜನವೆಲ್ಲ ಜಾತ್ರೆಯಂತೆ ಸೇರಿತು.

"ದುಂಡ, ಬಾರೋ ಇಲ್ಲಿ! ಬಾನೆಟ್ ಒಳಗೆ ನೋಡು. ಅಸಲಿ ಕಿತಾಪತಿ ಇರೋದೇ ಇಲ್ಲಿ."

"ನೋಡೋಕೇನಿದೆ? ನಿಲ್ಲೋ ಗಾಡಿ ನಿಲ್ಲತ್ತೆ."

"ಒಂದು ರೌಂಡ್ ಹೊಡ್ಕೊಂಡಾದ್ರೂ ಬಾರೋ."

"ನಂಗೆ ಕೆಲಸ ಇದೆ ಕಣೋ."

ಕೆಲಸ ಎಂಥದು, ಮಣ್ಣು! ಮನೆಗೆ ಹೋಗಿ ಕಿಟಕಿಯ ಪರದೆ ಸರಿಸಿ ನೋಡುತ್ತ ಕೂತ. ಮರುದಿನದಿಂದ ಸಿಕ್ಕವರಿಗೆಲ್ಲ "ಬರೀ ಶೋಕಿ ಕಣ್ರೀ, ಆ ಬ್ರೇಕಲ್ಲಿ ಏನೂ ಇಲ್ಲ" ಎಂದು ಹೇಳಿಕೊಂಡು ತಿರುಗಿದ. ಹೇಳಿದಷ್ಟೂ ಅವನಿಗೆ ಅಂಥದೇ ಬ್ರೇಕು ಬೇಕೆನಿಸಿತು. ಗುರುಬಸಪ್ಪ ಮಾರ್ಕೆಟ್ಟಿಗೆ ಹೋದಾಗ ಶೆಡ್ಡಿಗೆ ನುಗ್ಗಿ, ಚಕ್ರದ ಹಿಂದೆ ತಲೆ ತೂರಿಸಿ ಎಲ್ಲ ನೋಡಿಕೊಂಡು ಬಂದ. ಗುರುತಿನವರು ಯಾರೂ ಇಲ್ಲದ ಕೆಂಗೇರಿಯ ಗ್ಯಾರೇಜಿಗೆ ಹೋಗಿ ಹಾಗೇ ಹಾಕಿಸಿಕೊಂಡ.

ಚಕ್ರ ನೋಡಿದ್ದ, ಬಾನೆಟ್ಟಿನ ಒಳಗೆ ನೋಡಿರಲಿಲ್ಲ. ಪೆಡಲು ಕಲ್ಲಾಯಿತು. ಗಾಡಿ ನಿಲ್ಲಿಸಬೇಕಾದರೆ ಸೀಟಿನಿಂದ ಕುಂಡಿ ಎತ್ತಿ, ಬ್ರೇಕಿನ ಮೇಲೆ ನಿಂತೇಬಿಡಬೇಕು.

"ಇದಕ್ಕೆ ಬೂಸ್ಟರ್ ಬೇಕು ಸಾರ್," ಎಂದ ಕೆಂಗೇರಿಯವನು. "ಕಾಲಿಗೆ ಬಲ ಕೊಡೋ ಡಬ್ಬಿ. ನಿಮ್ಮ ಫ್ರೆಂಡು ಯಾವ ಗಾಡೀದು ಹಾಕಿದಾರೆ, ಒಂದು ಮಾತು ಕೇಳಿ. ಅದನ್ನೇ ಹಾಕೋಣ."

ಕೇಳುವುದೇ? ಗುರುಬಸಪ್ಪನನ್ನೇ? ಪ್ರಾಣ ಹೋದರೂ ಇಲ್ಲ. ಮಂಡಿ ನೋವು ಶುರುವಾಯಿತು. ವಾತ ಎಂದು ಮನೆಯಲ್ಲಿ ಸುಳ್ಳು ಹೇಳಿದ. ಅವನು ಕುಂಟುವುದನ್ನು ನೋಡಿ ಗುರುಬಸಪ್ಪ ದಾವಣಗೆರೆಯಿಂದ ಎಣ್ಣೆ ತರಿಸಿಕೊಟ್ಟ. ಕೊಡುವಾಗ ಯಾಕೋ ಮುಖ ಅತ್ತ ತಿರುಗಿಸಿಕೊಂಡಿದ್ದ.

* * *

ನಾಲ್ಕು ಜನ ಗುರುಬಸಪ್ಪನನ್ನು ಕೂತಂತೆಯೇ ಎತ್ತಿ, ಬಾಗಿಲಲ್ಲಿ ಓರೆ ಮಾಡಿ ಒಳಗೆ ಸರಿಸಿದರು. ಸೊಂಟಕ್ಕೆ ಶಾಲು ಸುತ್ತಿ ಸೀಟಿಗೆ ಕಟ್ಟಿದರು. ಹಿಂದೆ ನೀಲಮ್ಮ, ಅಯ್ಯನವರು. ಭಜನೆಯವರು, ಉಳಿದವರು ಟೆಂಪೋ ಹತ್ತಿದರು.

ದುಂಡೇಶ ಸ್ಟೀರಿಂಗ್ ಹಿಡಿದ. ಪಕ್ಕಕ್ಕೆ ಕಣ್ಣು ಹಾಯಿಸಿದರೆ ಆಸಾಮಿ ವಿಭೂತಿ ಬಳಿದುಕೊಂಡು ಮಹಾರಾಜನ ಹಾಗೆ ಕೂತಿದ್ದಾನೆ. ಶಿವನೇ, ಈ ಬ್ರೇಕು ಕೆಟ್ಟದಾಗಿರಲಿ, ಎಂದು ಬೇಡಿಕೊಂಡ ದುಂಡೇಶ. ಇಷ್ಟು ವರ್ಷ ಆಡಿದ ನನ್ನ ಮಾತು ಇವತ್ತೊಂದು ದಿನ ನಿಜವಾಗಲಿ.

ಮಾಗಡಿ ರಸ್ತೆಗಿಳಿಯುವ ಇಳಿಜಾರಿನಲ್ಲಿ ಆಟೋ ಒಂದು ಅಡ್ಡ ನುಗ್ಗಿತು. ದುಂಡೇಶ ತನ್ನ ಕಾರಿನ ಅಭ್ಯಾಸದಂತೆ ಸೀಟಿನಿಂದ ಎದ್ದು, ಮೈಭಾರವನ್ನೆಲ್ಲ ಹಾಕಿ ತುಳಿದ.

ಕಾರು ನೆಟ್ಟ ಗೂಟದಂತೆ ನಿಂತಿತು. ಹಿಂದಿನವರು ಮುಂದಿನ ಸೀಟಿಗೆ ಬಂದು ಬಡಿದರು. ಗುರುಬಸಪ್ಪ ಕೂತ ಭಂಗಿಯಲ್ಲೇ ಮುಂದಕ್ಕೆ ವಾಲಿ, ಹಣೆ ಡ್ಯಾಶ್‌ಬೋರ್ಡಿಗೆ ತಾಗಿತು. ಪೇಟ ಉರುಳಿ ದುಂಡೇಶನ ತೊಡೆಯ ಮೇಲೆ ಬಿತ್ತು.

"ಶಿವ ಶಿವಾ!" ಎಂದರು ಅಯ್ಯನವರು.

ಆಟೋದವನು ತಲೆ ಹೊರಗೆ ಹಾಕಿ, "ಏನ್ ಬ್ರೇಕ್ ಗುರೂ!" ಎಂದವನು, ಮುಂದಿನ ಸೀಟಿನಲ್ಲಿ ಯಾರಿದ್ದಾರೆಂದು ಕಂಡು ಕೈಮುಗಿದು ಓಡಿಸಿಕೊಂಡು ಹೋದ.

ಆಯಿತಲ್ಲ! ಹಾದಿಯಲ್ಲಿ ಹೋಗುವವನೂ ಹೊಗಳಿದ್ದಾಯಿತು.

"ಮೆಲ್ಲಗೆ ಅಣ್ಣ," ಎಂದರು ನೀಲಮ್ಮ. "ಇದಕ್ಕೆ ಹೆಬ್ಬೆರಳು ತಾಗಿಸಿದ್ರೆ ಸಾಕು. ನಿಮ್ಮ ಗಾಡೀಲಾದ್ರೆ ಎದ್ದು ನಿಂತು ತುಳೀಬೇಕಂತಲ್ಲ."

"ಯಾರು... ಯಾರಮ್ಮ ಹಂಗಂದೋರು?"

"ಇವರೇ. ನೀವು ಸೀಟಿಂದ ಎದ್ದು ತುಳಿಯೋದನ್ನ ಗೇಟಿಂದ ನೋಡಿ, ಡಬ್ಬಿ ಹಾಕಿಸ್ಕೊಂಡಿಲ್ಲ ದುಂಡ ಅಂತ ಹೇಳಿ ಹೇಳಿ ನಗೋರು. ನಿಮಗೆ ಅಂತಾನೇ ಒಂದು ತಂದಿಟ್ಟಿದಾರೆ, ಅದೇನೋ ಬೂಸ್ಟರು. ಡಿಕ್ಕೀಲೇ ಇದೆ. ಕೊಟ್ಬಿಡ್ರೀ ಅಂದ್ರೆ, ಇರು ಇರು, ಅವನೇ ಬಾಯಿಬಿಟ್ಟು ಕೇಳ್ಲಿ ಅನ್ನೋರು. ನೀವು ಕೇಳ್ಲೇ ಇಲ್ಲ."

ಗೊತ್ತಿತ್ತಾ ಇವನಿಗೆ! ಎಲ್ಲ ಗೊತ್ತಿದ್ದೂ ಎಣ್ಣೆ ತಂದುಕೊಟ್ಟನೇ! ಗುರುಬಸಪ್ಪನ ಕೊರಳಪಟ್ಟಿ ಹಿಡಿದು ಜಗಳ ಆಡಬೇಕೆನಿಸಿತು ದುಂಡೇಶನಿಗೆ. ಕೈ ಚಾಚಿ ಅವನನ್ನು ಹಿಂದಕ್ಕೆ ಒರಗಿಸಿದ. ಪೇಟ ಇಟ್ಟ. ಉದುರಿದ ವಿಭೂತಿಯನ್ನು ಬೆರಳಿಗೆ ಬಳಿದುಕೊಂಡು ಹಣೆಗೆ ಮತ್ತೆ ಎಳೆದ. ಹಾಳಾದವನು, ಮುಖ ತಣ್ಣಗೆ ಕೊರೆಯುತ್ತಿತ್ತು. ದುಂಡೇಶನ ಕಣ್ಣು ಮಂಜಾಯಿತು.

ಸುಂಕದಕಟ್ಟೆ ದಾಟಿ ರುದ್ರಭೂಮಿಯ ದಾರಿಗೆ ತಿರುಗಿದ ಮೇಲೆ ರಸ್ತೆ ಖಾಲಿಯಾಯಿತು. ಟೆಂಪೋ ಹಿಂದೆಲ್ಲೋ ಉಳಿದಿತ್ತು. ದುಂಡೇಶ ಗೇರನ್ನು ಎರಡರಲ್ಲೇ ಬಿಟ್ಟು, ಎಡಗೈಯನ್ನು ಗುರುಬಸಪ್ಪನ ಎದೆಗೆ ಅಡ್ಡ ಹಿಡಿದ. ಚಪ್ಪಲಿ ಕಳಚಿ, ಬರಿಗಾಲಿನ ಹೆಬ್ಬೆರಳನ್ನು ಬ್ರೇಕಿಗೆ ತಾಗಿಸಿದ.

ಕಾರು ಬೆಣ್ಣೆಯ ಹಾಗೆ ನಿಂತಿತು. ಗುರುಬಸಪ್ಪ ಅವನ ತೋಳಿನ ಮೇಲೆ ಮೆಲ್ಲಗೆ ವಾಲಿದ. ಡಿಕ್ಕಿಯಲ್ಲಿ ಏನೋ ಉರುಳಿಕೊಂಡು ಬಂದು ಸೀಟಿನ ಹಿಂಬದಿಗೆ ದಡ್ ಎಂದು ತಾಗಿತು.

"ಯಾಕಣ್ಣ ನಿಲ್ಲಿಸಿದ್ರಿ? ರೋಡಲ್ಲಿ ಯಾರೂ ಇಲ್ವಲ್ಲ," ಎಂದರು ನೀಲಮ್ಮ.

"ಏನಿಲ್ಲ ಕಣಮ್ಮ," ಎಂದ ದುಂಡೇಶ. ಕಾರು ಹೊರಡಿಸಿದ. ಸ್ವಲ್ಪ ದೂರ ಹೋಗಿ, ಗೆಳೆಯನನ್ನು ಇನ್ನಷ್ಟು ಬಿಗಿಯಾಗಿ ತಬ್ಬಿ ಹಿಡಿದುಕೊಂಡು, ಮತ್ತೊಂದು ಸಲ ಹೆಬ್ಬೆರಳು ತಾಗಿಸಿದ.